ಎಡಗಡೆಯ ಬಾಗಿಲು

ರೇವಣಸಿದ್ದಯ್ಯ ಬಟ್ಟೆ ಸುತ್ತಿದ ಮ್ಯಾಗ್ನೆಟ್ಟನ್ನು ಕಾರಿನ ಎಡಗಡೆಯ ಬಾಗಿಲಿಗೆ ಇಟ್ಟ. ಟಪ್ಪೆಂದು ಹಿಡಿದುಕೊಂಡಿತು. ಕಿತ್ತು ಅರ್ಧ ಗೇಣು ಕೆಳಗಿಟ್ಟ, ಅಲ್ಲೂ ಹಿಡಿಯಿತು.

ಏಟು ಬಿದ್ದ ಗಾಡಿಯ ಗುಟ್ಟು ಹೊರಗೆಳೆಯುವುದು ಹೀಗೆಯೇ. ಕಳ್ಳ ಟಿಂಕರ್‌ಗಳು ತಗ್ಗಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದು ಕೈ ತೊಳೆದುಕೊಳ್ಳುತ್ತಾರೆ; ದಪ್ಪ ಪುಟ್ಟಿಯ ಮೇಲೆ ಮ್ಯಾಗ್ನೆಟ್ಟು ನಿಲ್ಲದೆ ಜಾರುತ್ತದೆ. ಇಲ್ಲಿ ಎಲ್ಲೂ ಜಾರಲಿಲ್ಲ.

"ಕಣ್ಮುಚ್ಕೊಂಡು ತಗೊಳ್ಳಿ ಸಾರ್. ನಲವತ್ತು ವರ್ಷದಿಂದ ಗಾಡಿ ನೋಡ್ತಿದೀನಿ, ಇಂಥಾ ಬಾಡಿ ನೋಡಿಲ್ಲ. ಒಂದೇಟೂ ತಿಂದಿಲ್ಲ ಇದು," ಎಂದು ಅವನು ಸ್ವರೂಪನಿಗೆ ಹೇಳಿದ. ಸ್ವರೂಪ್ ಫೋನಿನಲ್ಲಿ ಫೋಟೋ ನೋಡಿ ಕಾರು ಕೊಳ್ಳಲು ಬಂದವನು. ಹೆಬ್ಬಾಳದಾಚೆ ಲೇಔಟ್ ಮಾಡಿಸುತ್ತಾನೆ, ಹಳೇ ಕಾರಿನ ಹುಚ್ಚು. ಹೆಂಡತಿ ನಂದಿತಾಳನ್ನೂ, ಗಾಡಿ ಪರೀಕ್ಷೆ ಮಾಡಲು ಹಳೇ ಟಿಂಕರ್ ರೇವಣಸಿದ್ದಯ್ಯನನ್ನೂ ಜೊತೆಗೆ ಕರೆತಂದಿದ್ದ.

ಕಾರಿನ ಒಡೆಯ ಮುನಿಕೃಷ್ಣ ಗೋಡೆಗೊರಗಿ ನಿಂತಿದ್ದ. ಅವನೂ ಟಿಂಕರ್, ಮೂವತ್ತೈದು ವರ್ಷ ಚಾಮರಾಜಪೇಟೆಯ ಶೆಡ್ಡಿನಲ್ಲಿ ತಗಡು ಬಡಿದವನು. ಬೇರೆ ದಿನವಾಗಿದ್ದರೆ ಈ ಮಾತಿಗೆ ಮೀಸೆ ತಿರುವಿಕೊಳ್ಳುತ್ತಿದ್ದ. ಇವತ್ತು ಮುಖ ಆಚೆ ತಿರುಗಿಸಿದ. ಒಂದೇಟೂ ತಿಂದಿಲ್ಲವಂತೆ! ಮೂರು ವರ್ಷದ ಹಿಂದೆ ದೇವನಹಳ್ಳಿ ರಸ್ತೆಯಲ್ಲಿ ಲಾರಿ ಬಂದು ಗುದ್ದಿದ್ದು ಇದೇ ಬಾಗಿಲಿಗೆ. ಅಲ್ಲಿ ಕೂತಿದ್ದವನು ಮಗ ಆಕರ್ಷ, ಇಪ್ಪತ್ಮೂರು ವರ್ಷದವನು. ಓಡಿಸುತ್ತಿದ್ದವನು ಮುನಿಕೃಷ್ಣನೇ. ಅವನಿಗೆ ಹಣೆಯ ಮೇಲೆ ನಾಲ್ಕು ಹೊಲಿಗೆ ಬಿತ್ತು, ಅಷ್ಟೇ.

ಅರವತ್ತೇಳನೇ ಇಸವಿಯ ಎಂಜಿ ಮಿಡ್ಜೆಟ್ ಅದು. ಇಂಗ್ಲೆಂಡಿನಿಂದ ಬಂದದ್ದು, ಎರಡೇ ಸೀಟು. ಮಲ್ಲೇಶ್ವರದ ಒಂದು ಬಂಗಲೆಯ ಹಿತ್ತಿಲಲ್ಲಿ ಹೊಂಗೆ ಮರದ ಕೆಳಗೆ ತುಕ್ಕು ಹಿಡಿದು ಬಿದ್ದಿತ್ತು. ಅಪ್ಪ ಮಗ ಸೇರಿ ಟೆಂಪೋದಲ್ಲಿ ಹೇರಿಕೊಂಡು ವೈಯಾಲಿಕಾವಲಿನ ಮನೆಗೆ ತಂದು, ನಾಲ್ಕು ವರ್ಷ ತಮ್ಮ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದರು. ಈ ಕಡುಹಸಿರು ಆಕರ್ಷನೇ ಆರಿಸಿದ ಬಣ್ಣ. "ಮೊದ್ಲು ನೀನೇ ಓಡ್ಸಪ್ಪಾ, ನೀನು ಮಾಡಿರೋ ಗಾಡಿ," ಎಂದು ಕೀ ಕೈಗಿಟ್ಟವನೂ ಅವನೇ.

ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ ಮುನಿಕೃಷ್ಣ ಸ್ಟೇಷನ್ನಿನಿಂದ ಕಾರು ಬಿಡಿಸಿ ತಂದ. ಗುಜರಿಗೆ ಹಾಕೋ ಮಾರಾಯಾ ಎಂದು ನೆಂಟರೆಲ್ಲ ಬಡಕೊಂಡರು. ಕೇಳಲಿಲ್ಲ. ಎರಡು ವರ್ಷ ಒಬ್ಬನೇ ಕೂತು ಬಡಿದ, ಚಿಟಿಕೆ ಪುಟ್ಟಿ ಮುಟ್ಟಲಿಲ್ಲ. ಮಗನನ್ನು ಕೊಂದ ಏಟನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ತಳ್ಳಿದರೆ ಏನೋ ಆದೀತು ಅಂತ ಹುಚ್ಚು ಮನಸ್ಸಿಗೆ ಅನ್ನಿಸಿತ್ತು. ತಗಡು ನೆಟ್ಟಗಾಯಿತು. ಬೇರೇನೂ ಆಗಲಿಲ್ಲ.

ಹೆಂಡತಿ ಧನಲಕ್ಷ್ಮಿ ಮುಂಬಾಗಿಲಲ್ಲಿ ಓಡಾಡುವುದನ್ನೇ ಬಿಟ್ಟಿದ್ದಳು. ಹಾಲಿಗೆ ಹೋದರೂ ಹಿತ್ತಿಲ ಬಾಗಿಲು, ಸೊಪ್ಪಿಗೆ ಹೋದರೂ ಹಿತ್ತಿಲ ಬಾಗಿಲು. ಕಾರು ನಿಂತಿದ್ದ ಅಂಗಳದ ಕಡೆಯ ಕಿಟಕಿ ಮುಚ್ಚಿಯೇ ಇತ್ತು. ಗಂಡನನ್ನು ಒಂದು ಮಾತು ಬೈದವಳಲ್ಲ, ಬೈದಿದ್ದರೇ ಚೆನ್ನಾಗಿತ್ತು. ಕಳೆದ ತಿಂಗಳು ಮಾತ್ರ ಹೇಳಿದ್ದಳು: "ಆ ಕಾರು ಹೋಗ್ಬೇಕು ರೀ. ಇಲ್ಲಾಂದ್ರೆ ನಾನು ನಮ್ಮಕ್ಕನ ಮನೆಗೆ ಹೊರಟ್ಹೋಗ್ತೀನಿ. ವಾಪಸ್ ಬರಲ್ಲ." ಇವತ್ತು ಬೆಳಿಗ್ಗೆ ಇನ್ನೊಂದು ಮಾತು ಸೇರಿಸಿದ್ದಳು: "ಕೇಳಿದ್ರೆ ಏನೂ ಆಗಿಲ್ಲ ಅನ್ನಿ. ತೊಲಗ್ಲಿ ಅದು."

"ಏನ್ ಸಾರ್, ಇವ್ರು ಹೇಳೋದು ಸರೀನಾ? ಆಕ್ಸಿಡೆಂಟ್ ಗೀಕ್ಸಿಡೆಂಟ್ ಏನೂ ಆಗಿಲ್ವಲ್ಲ?" ಸ್ವರೂಪ್ ನಗುತ್ತಾ ಕೇಳಿದ. ಕಾರು ಕೊಳ್ಳುವವರೆಲ್ಲ ಕೇಳುವ ಮಾತು.

ಇಲ್ಲ ಎನ್ನಲು ಮುನಿಕೃಷ್ಣ ಬಾಯಿ ತೆರೆದ. ಅಷ್ಟರಲ್ಲಿ ನಂದಿತಾ, "ನಾನೊಂದ್ಸಲ ಕೂತ್ಕೊಳ್ಲಾ ಅಂಕಲ್?" ಎನ್ನುತ್ತಲೇ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಬಾಗಿಲು ಸದ್ದಿಲ್ಲದೆ ಕೂತಿತು. ಅದರ ಅಂಚಿನ ಮೇಲೆ ಮೊಣಕೈ ಇಟ್ಟು ಅವಳು ಗಂಡನ ಕಡೆ ನೋಡಿ ನಕ್ಕಳು. ಆಕರ್ಷನೂ ಅವತ್ತು ಮೊಣಕೈಯನ್ನು ಅಲ್ಲೇ ಇಟ್ಟಿದ್ದ.

"ಆಗಿದೆ," ಎಂದ ಮುನಿಕೃಷ್ಣ.

"ಏನು?"

"ಆಕ್ಸಿಡೆಂಟು. ಆಯಮ್ಮ ಕೂತಿದಾರಲ್ಲ, ಆ ಬಾಗ್ಲಿಗೇ. ನನ್ ಮಗ ಕೂತಿದ್ದ. ಹೋಗ್ಬಿಟ್ಟ. ನಾನೇ ಓಡಿಸ್ತಿದ್ದೆ."

ನಂದಿತಾ ದಡಬಡಿಸಿ ಎದ್ದ ರಭಸಕ್ಕೆ ದುಪಟ್ಟಾ ಬಾಗಿಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಗೇಟಿನಾಚೆ ಹೋಗಿ ನಿಂತಳು. ಸ್ವರೂಪ್ ಕೆಟ್ಟವನೇನಲ್ಲ. "ಸಾರಿ ಸಾರ್... ಮನೇಲಿ ಮಾತಾಡಿ ಫೋನ್ ಮಾಡ್ತೀನಿ," ಎಂದ. ಆ ಫೋನು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ರೇವಣಸಿದ್ದಯ್ಯ ಮಾತ್ರ ಹಿಂದೆ ಉಳಿದ. ನಂಬಿಕೆಯಾಗದೆ ಮ್ಯಾಗ್ನೆಟ್ಟನ್ನು ಇನ್ನೊಮ್ಮೆ ಬಾಗಿಲಿಗೆ ಇಟ್ಟು ನೋಡಿದ. ಹಿಡಿಯಿತು.

"ಅಯ್ಯೋ ಶಿವನೇ, ಎಂಥಾ ಕೈ ಸ್ವಾಮಿ ನಿಮ್ದು," ಎಂದ. ಹೊಗಳಿದನೋ ಮರುಗಿದನೋ ಅವನಿಗೇ ತಿಳಿದಿರಲಿಕ್ಕಿಲ್ಲ. ಮ್ಯಾಗ್ನೆಟ್ಟನ್ನು ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿ ಹೊರಟುಹೋದ.

ಮುನಿಕೃಷ್ಣ ಟಾರ್ಪಾಲು ಎತ್ತಿಕೊಂಡ. ಕೈಗೆ ಬಂದ ವ್ಯಾಪಾರವನ್ನು ತನ್ನ ಬಾಯಿಂದಲೇ ಕೆಡಿಸಿದ್ದಾಯಿತು. ಈಗ ಒಳಗೆ ಹೋಗಿ ಧನಲಕ್ಷ್ಮಿಗೆ ಹೇಳಬೇಕು, ಅವಳು ಬ್ಯಾಗು ತೆಗೆದುಕೊಂಡು ಹೊರಡುತ್ತಾಳೆ. ಇವಳೂ ಹೋದಳು ಎಂದುಕೊಂಡ. ಯೋಚಿಸುತ್ತಲೇ ಟಾರ್ಪಾಲನ್ನು ಬಾನೆಟ್ಟಿನ ಮೇಲೆ ಎಳೆದ.

ಮುಂಬಾಗಿಲ ಚಿಲಕದ ಸದ್ದಾಯಿತು.

ಧನಲಕ್ಷ್ಮಿ ಹೊಸ್ತಿಲ ಮೇಲೆ ನಿಂತಿದ್ದಳು. ಮುಚ್ಚಿದ ಕಿಟಕಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬರಿಗಾಲಿನಲ್ಲಿ ಮೆಟ್ಟಿಲಿಳಿದು ಬಂದಳು. ಕಾರಿನ ಹತ್ತಿರ ಬಂದವಳು ಅದನ್ನು ನೋಡದೆ ಗಂಡನ ಮುಖ ನೋಡಿದಳು.

"ಎಲ್ಲಿ?" ಎಂದಳು.

ಅವನು ಅವಳ ಬಲಗೈ ಹಿಡಿದು, ಬಾಗಿಲ ನಡುವೆ, ಹಿಡಿಕೆಯಿಂದ ಒಂದು ಗೇಣು ಕೆಳಗೆ ಇಟ್ಟ. ಧನಲಕ್ಷ್ಮಿ ಅಂಗೈಯನ್ನು ಮೆಲ್ಲಗೆ ಆಡಿಸಿದಳು, ಮಗುವಿಗೆ ಜ್ವರ ಇದೆಯಾ ಎಂದು ಹಣೆ ಮುಟ್ಟಿ ನೋಡುವ ಹಾಗೆ. ಅಂಚಿನವರೆಗೆ ಹೋದಳು, ಹಿಂದಕ್ಕೆ ಬಂದಳು. ಮತ್ತೆ ಹೋದಳು.

"ಏನೂ ಗೊತ್ತಾಗ್ತಿಲ್ವಲ್ರೀ," ಎಂದಳು. "ಒಂಚೂರೂ ಉಳ್ಸಿಲ್ವಲ್ರೀ ನೀವು."

ಮುನಿಕೃಷ್ಣ ಟಾರ್ಪಾಲಿನ ಅಂಚು ಹಿಡಿದುಕೊಂಡು ಹಾಗೇ ನಿಂತ. ಅವಳ ಕೈ ಇನ್ನೂ ಬಾಗಿಲ ಮೇಲೆ ಹುಡುಕುತ್ತಿತ್ತು.