ಸೈರಕನ್ ಹಾಡಿದ ತಟ್ಟೆ

ಸೈರಕನ್ ಹಾಸಿಗೆ ಹಿಡಿದಿದ್ದಾಗ ಮಗಳು ಜೂರಾ ಅವಳಿಗೊಂದು ಮಾತು ಕೊಟ್ಟಿದ್ದಳು. ಮೊಮ್ಮಗಳು ಕುಂದುಜ್ ಗಂಡನ ಮನೆಗೆ ಹೊರಡುವ ದಿನ ಅವಳನ್ನು ಕಳಿಸಿಕೊಡುವ ಹಾಡು ಬೇರೆ ಯಾರ ಬಾಯಿಂದಲೂ ಬರುವುದಿಲ್ಲ, ಅಜ್ಜಿಯ ದನಿಯಲ್ಲೇ ಬರುತ್ತದೆ ಎಂದು. ಆಗ ಕುಂದುಜ್‌ಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಸುಮ್ಮನೆ ಕೊಟ್ಟ ಮಾತೇನಲ್ಲ. ನಾರಿನ್ ಸೀಮೆಯಲ್ಲಿ ಹೆಣ್ಣು ಕಳಿಸುವ ಮನೆಗಳಲ್ಲೆಲ್ಲ ಹಾಡುತ್ತಿದ್ದ ಸೈರಕನ್‌ಳನ್ನು ಒಮ್ಮೆ ರಾಜಧಾನಿಗೆ ಕರೆಸಿ, ಹಾಡಿಸಿ, ಗ್ರಾಮಫೋನ್ ತಟ್ಟೆ ಮಾಡಿದ್ದರು. ಊರಿಗೆ ಬಂದ ತಟ್ಟೆಗಳು ಅವರಿವರ ಮನೆಯಲ್ಲಿ ಸವೆದು, ಒಡೆದು, ಈಗ ಚೆನ್ನಾಗಿ ಹಾಡುವಂತೆ ಉಳಿದಿದ್ದು ಜೂರಾಳ ಮನೆಯ ಒಂದೇ ಒಂದು.

ಆ ತಟ್ಟೆ ಈಗ ಕಾದ ಕಬ್ಬಿಣದ ಬಾಣಲೆಗೆ ಕುರಿಕೊಬ್ಬು ಬಿದ್ದ ಹಾಗೆ ಚಟಪಟಗುಟ್ಟುತ್ತಿತ್ತು. ಶನಿವಾರ ಮದುವೆ. ಅಂದು ಗುರುವಾರ.

ಜೂರಾ ಮುಳ್ಳನ್ನು ಎತ್ತಿ ಮತ್ತೆ ಇಟ್ಟಳು. ಚಟಪಟದ ಹಿಂದೆಲ್ಲೋ ತಾಯಿಯ ದನಿ, ಹಿಮದ ಗಾಳಿಯಲ್ಲಿ ಆಚೆ ದಡದಿಂದ ಕೂಗಿದಂತೆ. ಅದಕ್ಕಿಂತ ಹೆಚ್ಚಾಗಿ ಅವಳು ಕಿವಿಗೊಟ್ಟಿದ್ದು ಬೇರೊಂದಕ್ಕೆ. ಕುಂದುಜ್ ಚಿಕ್ಕವಳಿದ್ದಾಗ ತಟ್ಟೆಯ ಮೇಲೆ ಚಮಚ ಬೀಳಿಸಿ ಒಂದು ಗೀರು ಮಾಡಿದ್ದಳು. ಎರಡನೆಯ ಚರಣದಲ್ಲಿ ಟಕ್, ಟಕ್, ಟಕ್ ಎಂದು ಮೂರು ಸಲ ಕೇಳಿಸಿ ಹೋಗುತ್ತಿತ್ತು. ಮನೆಯವರಿಗೆಲ್ಲ ಅದು ಹಾಡಿನದೇ ಭಾಗವಾಗಿಬಿಟ್ಟಿತ್ತು. ಆ ಟಕ್ ಈಗ ಎಲ್ಲೂ ಇರಲಿಲ್ಲ.

ಗಂಡ ಮಾಮಿತ್ ಚಹಾ ಕುಡಿಯುತ್ತಿದ್ದ. ಜೂರಾ ಕೇಳಿದಳು. "ಕುಂದುಜಳ ಅಪ್ಪ, ಆ ಕೆಳಗಿನ ಮನೆಯವನ ಕೈಗೆ ಕೊಟ್ಟಾಗ ಇದು ಹೀಗಿತ್ತಾ?"

ಮಾಮಿತ್ ತಲೆಯೆತ್ತಲಿಲ್ಲ. ತಪ್ಪು ಅವನದೇ. ಜೂರಾ ಅಕ್ಕನ ಊರಿಗೆ ಹೋಗಿದ್ದ ವಾರ, ಕೆಳಗಿನ ಮನೆಯ ಒರೊಜಾಲಿ ಕೇಳಿದನೆಂದು ತಟ್ಟೆಯನ್ನು ಕೊಟ್ಟುಬಿಟ್ಟಿದ್ದ. ಒರೊಜಾಲಿ ಭೂಗೋಳದ ನಿವೃತ್ತ ಮೇಷ್ಟ್ರು, ಹೆಂಡತಿ ತೀರಿಕೊಂಡವನು, ಗೋಡೆ ತುಂಬ ತಟ್ಟೆ ಜೋಡಿಸಿಟ್ಟವನು. ಸೈರಕನ್‌ಳ ತಟ್ಟೆಯನ್ನು ತನಗೆ ಕೊಡಿ ಎಂದು ಹಿಂದೊಮ್ಮೆ ಜೂರಾಳನ್ನೇ ಕೇಳಿ ಬೈಸಿಕೊಂಡಿದ್ದ. ಎರಡು ರಾತ್ರಿ ಇಟ್ಟುಕೊಂಡು ವಾಪಸು ಕೊಟ್ಟಿದ್ದ, ಅದೂ ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ.

"ಹಳೇ ಕಾಗದದ ಚೀಲ ಹರಿದಿತ್ತಂತೆ, ಪಾಪ, ಹೊಸದು ಹಾಕಿಕೊಟ್ಟ," ಎಂದ ಮಾಮಿತ್.

"ಪಾಪವಾ? ಇದೇ ಹಾಡಿನ ಯಾರದೋ ಸವೆದ ತಟ್ಟೆ ನಿಮ್ಮ ಕೈಗಿಟ್ಟು, ಅಮ್ಮನದನ್ನ ಅವನ ಗೋಡೆಗೆ ಸೇರಿಸಿದಾನೆ."

ಮಾಮಿತ್ ಎಲ್ಲ ತಟ್ಟೆಯೂ ಕರಿ, ಎಲ್ಲ ತಟ್ಟೆಯೂ ಗುಂಡು ಎಂದೇನೋ ಗೊಣಗಿದ. ಜೂರಾ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಧೂಳು, ಉಣ್ಣೆಯ ಎಳೆ, ಯಾರದೋ ಕೂದಲು ಎಲ್ಲ ಮುತ್ತಿಕೊಂಡು, ಗೀರು ಯಾವುದು ಎಳೆ ಯಾವುದು ತಿಳಿಯುವಂತಿರಲಿಲ್ಲ. ಒಂಟೆಯುಣ್ಣೆಯ ಶಾಲಿನಿಂದ ಚೆನ್ನಾಗಿ ಉಜ್ಜಿದಳು. ಉಜ್ಜಿದಷ್ಟೂ ಧೂಳು ಓಡೋಡಿ ಬಂದು ಕೂರುತ್ತಿತ್ತು. ಮುಳ್ಳಿನ ತೋಳನ್ನು ಮುಟ್ಟಿದಾಗ ಬೆರಳಿಗೆ ಚುರ್ ಎಂದು ಕಚ್ಚಿತು. ಅಮ್ಮನ ತಟ್ಟೆ ಎಂದೂ ಕಚ್ಚಿದ್ದಿಲ್ಲ. ಅವಳ ಅನುಮಾನಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಮದುವೆಯೆಂದು ಅವಳು ತಟ್ಟೆಗೆ ಮಾಡಿದ ಮರ್ಯಾದೆಯೇನು ಕಡಿಮೆಯೇ? ತಾಯಿಯ ಮನೆಯಲ್ಲಿ ಅಡಿಗೆಮನೆಯ ಒಲೆಯ ಪಕ್ಕ ಬಿದ್ದಿದ್ದ ಹಾಡಿನ ಪೆಟ್ಟಿಗೆಯನ್ನು ಇಲ್ಲಿಯೂ ಅಡಿಗೆಮನೆಯಲ್ಲೇ ಇಟ್ಟಿದ್ದವಳು, ಈಗ ನಡುಮನೆಗೆ ತಂದು, ಬಾಗಿಲಿಗೆ ಎದುರಾಗಿ ಹಿರಿಯರು ಕೂರುವ ಜಾಗದಲ್ಲಿ, ಗೋಡೆಗಂಬಳಿಯ ಕೆಳಗೆ ಕೂರಿಸಿದ್ದಳು. ತಾಯಿ ಕೈಯಾರೆ ಮಾಡಿದ ಉಣ್ಣೆಹಾಸಿನಿಂದ ಗುಂಡಗೆ ಒಂದು ತುಂಡು ಕತ್ತರಿಸಿ ತಟ್ಟೆಯ ಅಡಿಗೆ ಹಾಸಿದ್ದಳು. ಬರಿ ಕಬ್ಬಿಣದ ಮೇಲೆ ತಾಯಿಯನ್ನು ಕೂರಿಸುವುದುಂಟೇ?

ಮಧ್ಯಾಹ್ನ ಜರಡಿ ಬೇಕೆಂಬ ನೆಪ ಮಾಡಿಕೊಂಡು ಕೆಳಗಿಳಿದಳು. ಒರೊಜಾಲಿ ಬಾಗಿಲು ತೆರೆಯುವುದಕ್ಕೆ ಸ್ವಲ್ಪ ತಡವಾಯಿತು. ಒಳಗೆ ಬೀರುವಿನ ಬಾಗಿಲು ಮುಚ್ಚಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿತು. ಅವನು ಜರಡಿ ಹುಡುಕುವಷ್ಟರಲ್ಲಿ ಅವಳ ಕಣ್ಣು ಗೋಡೆಯುದ್ದಕ್ಕೂ ಓಡಿತು. ಸಾಲು ಸಾಲು ತಟ್ಟೆಗಳು. ಯಾವುದರ ಬೆನ್ನ ಮೇಲೂ ತಾಯಿಯ ಹೆಸರಿಲ್ಲ. ಇಟ್ಟಿದ್ದರೆ ಎದುರಿಗೇ ಇಡುತ್ತಾನೆಯೇ?

ಜರಡಿ ಕೊಡುವಾಗ ಬೆರಳಿಗೆ ಬೆರಳು ತಾಗಿ ಇಬ್ಬರಿಗೂ ಚುರ್ ಎಂದಿತು. ಒರೊಜಾಲಿ ಅವಳ ತೋಳಿನ ಮೇಲೆ ನೆಟ್ಟಗೆ ನಿಂತಿದ್ದ ಉಣ್ಣೆಯ ನವಿರನ್ನು ನೋಡಿದ. "ಎಜೆ, ಹಾಡಿನ ಪೆಟ್ಟಿಗೆ ಈಗ ಎಲ್ಲಿಟ್ಟಿದೀರಿ?" ವಯಸ್ಸಿನಲ್ಲಿ ದೊಡ್ಡವನಾದರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

"ಯಾಕೆ, ಉಳಿದದ್ದನ್ನೂ ಒಯ್ಯೋಕಾ?" ಎಂದು ಜೂರಾ ಮೆಟ್ಟಿಲು ಹತ್ತಿದಳು.

ಶುಕ್ರವಾರ ಬೀಗರು ಬರುವುದಿತ್ತು. ಅಡಿಗೆಮನೆಯಲ್ಲಿ ಮಂತಿಯ, ಎಂದರೆ ಮಾಂಸ ತುಂಬಿದ ಕಡುಬಿನ, ಹಬೆಪಾತ್ರೆ ಬೆಳಗಿನಿಂದ ಕುದಿಯುತ್ತಿತ್ತು. ಕಿಟಕಿಯ ಗಾಜು ಬೆವರಿ, ಗೋಡೆಯಿಂದ ನೀರು ಇಳಿಯುತ್ತಿತ್ತು. ನಡುಮನೆಯಲ್ಲಿ ಮಾತ್ರ ಬಿಸಿನೀರಿನ ಕೊಳವೆಗಳು ಗಾಳಿಯನ್ನು ಒಣಗಿಸಿ, ತುಟಿ ಬಿರಿಯುವ ಹಾಗಿತ್ತು. ಆಗಲೇ ಒರೊಜಾಲಿ ಬಾಗಿಲು ತಟ್ಟಿದ. ತಟ್ಟೆ ಚಟಪಟಗುಟ್ಟುವುದು ಕೆಳಗಿನವರೆಗೂ ಕೇಳಿಸುತ್ತಿದೆ, ಒಮ್ಮೆ ಪೆಟ್ಟಿಗೆಯನ್ನು ಅಡಿಗೆಮನೆಗೆ ತಂದು ನೋಡಿ ಎಂದ.

ಜೂರಾ ತಟ್ಟೆಯನ್ನು ಎದೆಗವಚಿಕೊಂಡೇ ನಿಂತಳು. ಇವನು ಏಕೆ ಬಂದ? ಮಾಡಿದ್ದು ಚುಚ್ಚುತ್ತಿದೆಯೋ, ಅಥವಾ ಇದೂ ಒಂದು ಆಟವೋ?

"ನನ್ನ ಕೈಗೆ ಕೊಡಬೇಡಿ," ಎಂದ ಒರೊಜಾಲಿ. "ನೀವೇ ಹಿಡ್ಕೊಳ್ಳಿ. ಆ ಶಾಲು ಮಾತ್ರ ಮುಟ್ಟಬೇಡಿ. ಒಣಗಾಳೀಲಿ ಉಣ್ಣೆ ಉಜ್ಜಿದ್ರೆ ತಟ್ಟೆಗೆ ಕರೆಂಟು ಹತ್ತಿ ಧೂಳು ಎಳ್ಕೊಳ್ಳುತ್ತೆ, ಇಲ್ಲಿನ ಹಬೇಲಿ ಅದು ಇಳಿಯುತ್ತೆ. ಅಡಿಯಲ್ಲಿ ಹಾಸಿರೋ ಉಣ್ಣೆನೂ ತೆಗೀರಿ."

"ಅದು ಅಮ್ಮ ಮಾಡಿದ್ದು."

"ಅಮ್ಮ ಕೂರೋಕೆ ಮಾಡಿದ್ದು, ಎಜೆ. ತಟ್ಟೆ ಕೂರಿಸೋಕಲ್ಲ."

ಜೂರಾ ಉಣ್ಣೆಯ ತುಂಡನ್ನು ಎಳೆದು ತೆಗೆದಳು. ಮಾಮಿತ್ ಪೆಟ್ಟಿಗೆಯನ್ನು ಹೊತ್ತು ತಂದು ಒಲೆಯಿಂದ ಮಾರು ದೂರ ಇಟ್ಟ. ಒರೊಜಾಲಿ ಕೈಕಟ್ಟಿ ನಿಂತು ಹೇಳುತ್ತ ಹೋದ, ಜೂರಾ ಅವನ ಮೇಲೊಂದು ಕಣ್ಣಿಟ್ಟೇ ಮಾಡುತ್ತ ಹೋದಳು. ಮೊದಲು ನಲ್ಲಿಯನ್ನು ಮುಟ್ಟಿ ಮೈಯಲ್ಲಿದ್ದ ಕರೆಂಟನ್ನು ಇಳಿಸಿಕೊಂಡಳು. ಕಾಸಿ ಆರಿಸಿದ ನೀರಿನಲ್ಲಿ ಮೆತ್ತನೆಯ ಹತ್ತಿಬಟ್ಟೆ ಅದ್ದಿ, ಬಿಗಿಯಾಗಿ ಹಿಂಡಿ, ತಟ್ಟೆಯ ಗೆರೆಗುಂಟ ನಿಧಾನವಾಗಿ ಒರೆಸಿದಳು. ನಡುವಿನ ಕಾಗದಕ್ಕೆ ತೇವ ತಾಗಲಿಲ್ಲ. ಈ ಸಲ ಎಳೆಗಳು ಬಟ್ಟೆಗೆ ಅಂಟಿಕೊಂಡು ಬಂದವು, ಮತ್ತೆ ಹಾರಿ ಬಂದು ಕೂರಲಿಲ್ಲ. ಹಬೆ ತುಂಬಿದ ಗಾಳಿಯಲ್ಲೇ ತಟ್ಟೆ ಆರುವ ತನಕ ಹಿಡಿದು ನಿಂತಳು.

ಮುಳ್ಳು ಇಳಿಯಿತು. ಚಟಪಟವಿಲ್ಲ. ಸೈರಕನ್ ಉಸಿರು ಎಳೆದುಕೊಂಡದ್ದೂ ಕೇಳಿತು. ಮೊದಲ ಚರಣ ಮುಗಿಯಿತು. ಜೂರಾ ಹಬೆಪಾತ್ರೆಯ ಮುಚ್ಚಳ ಹಿಡಿದವಳು ಹಾಗೇ ನಿಂತಳು.

ಟಕ್. ಟಕ್. ಟಕ್.

ಕುಂದುಜ್ ಬಾಗಿಲಲ್ಲಿ ನಗುತ್ತಿದ್ದಳು. "ನನ್ನ ಚಮಚ," ಎಂದಳು.

ಹಾಡು ಮುಗಿಯಿತು. ಆಮೇಲೂ ಜೂರಾಳ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದೇ ಇತ್ತು. "ಇದೇ ತಟ್ಟೆ ಸರಿ. ಎರಡು ರಾತ್ರಿ ಯಾಕೆ ಬೇಕಾಯ್ತು? ನಾನು ಬಂದಾಗ ಬೀರುವಿನಲ್ಲಿ ಬಚ್ಚಿಟ್ಟಿದ್ದೇನು?"

ಒರೊಜಾಲಿ ನೆಲ ನೋಡಿದ. ಕ್ಯಾಸೆಟ್ಟಿಗೆ ಹಾಡು ತುಂಬಿಕೊಂಡಿದ್ದೇನೆ ಎಂದ. ಮೊದಲ ರಾತ್ರಿಯದು ಸರಿಬರಲಿಲ್ಲ. ಅವನ ಹೆಂಡತಿ ತವರು ಬಿಟ್ಟು ಬಂದ ದಿನವೂ ಸೈರಕನ್ ಇದನ್ನೇ ಹಾಡಿದ್ದಳಂತೆ.

"ನನ್ನ ಕೇಳಿದ್ರೆ ಕೊಡ್ತಿರಲಿಲ್ಲ," ಎಂದಳು ಜೂರಾ.

"ಅದಕ್ಕೇ ಮಾಮಿತ್‌ನ ಕೇಳಿದ್ದು."

ಜೂರಾ ಕ್ಷಮೆ ಕೇಳಲಿಲ್ಲ. ಒಂದು ತಟ್ಟೆ ಮಂತಿ ಬಡಿಸಿ ಅವನ ಮುಂದೆ ಕುಕ್ಕಿದಳು. ಅವನು ಹೋದ ಮೇಲೆ, ಇರಲಿ ಎಂದು, ಹಾಡಿನ ತಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಶನಿವಾರ ಹಿರಿಯರು ನಡುಮನೆಯಲ್ಲಿ ಕೂತು, ಹಾಡು ಅಡಿಗೆಮನೆಯಿಂದ ಬರುವುದು ಯಾವ ಸೀಮೆಯ ಪದ್ಧತಿ ಎಂದು ಗೊಣಗಿದರು. ಜೂರಾ ಬಾಗಿಲು ಪೂರ್ತಿ ತೆರೆದು, ಹಬೆಪಾತ್ರೆಗೆ ಇನ್ನೊಂದು ಚೊಂಬು ನೀರು ಸುರಿದು, ಮುಳ್ಳು ಇಳಿಸಿದಳು. ಕುಂದುಜ್ ಅಜ್ಜಿಯ ದನಿ ಕೇಳುತ್ತಲೇ ಹೊಸ್ತಿಲು ದಾಟಿದಳು. ಜೂರಾ ತಾಯಿಗೆ ಕೊಟ್ಟ ಮಾತು ಉಳಿಸಿಕೊಂಡಳು.