ಟಿಪ್ಪಣಿ ನಲವತ್ತೊಂದು

ಹಿಂದಿನಿಂದ ಓದುತ್ತಿದ್ದಾಳೆ ಕಾಣೆಯಾದ ಪೈಲಟನ ತಂಗಿ, ಎರಡನೆಯ ಸಾಲಿನ ತುದಿಕುರ್ಚಿಯಲ್ಲಿ ಕೂತು ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಮಗುಚುತ್ತಿದ್ದಾಳೆ, ಕನ್ನಡಕ ಮೂಗಿನ ತುದಿಯಲ್ಲಿ, ತೋರುಬೆರಳು ಸಾಲಿನ ಕೆಳಗೆ — ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳ ಬೆರಳು ಅದು, ಅಂಥವರು ಕಥೆ ಓದುವುದಿಲ್ಲ, ತಪ್ಪು ಓದುತ್ತಾರೆ — ಇಲ್ಲಿ ಮೈಕಿನ ಮುಂದೆ ವಿಮರ್ಶಕ ಹೊಗಳುತ್ತಲೇ ಇದ್ದಾನೆ, ಯುದ್ಧವಿಮಾನಗಳ ಚರಿತ್ರೆ ಬರೆಯುವವರೇ ನಮ್ಮಲ್ಲಿ ಬೆರಳೆಣಿಕೆಯಷ್ಟು, ಅವರಲ್ಲೂ ಒಂದು ತಾರೀಖು, ಒಂದು ಎಂಜಿನ್ ಸಂಖ್ಯೆ ತಪ್ಪದವರು ಇವರೊಬ್ಬರೇ, ಮತ್ತು ವೇದಿಕೆಯ ಮೇಲೆ ಕೂತ ಚರಿತ್ರೆಕಾರ ವಿನಯಕ್ಕೆ ಎಷ್ಟು ಬೇಕೋ ಅಷ್ಟೇ ತಲೆ ತಗ್ಗಿಸುತ್ತಾನೆ, ಕಣ್ಣು ಮಾತ್ರ ಆ ಬೆರಳಿನ ಮೇಲೆ. ಏಳನೆಯ ಅಧ್ಯಾಯಕ್ಕೆ ಐವತ್ತಾರು ಟಿಪ್ಪಣಿಗಳು. ಯಾರು ಓದುತ್ತಾರೆ ಟಿಪ್ಪಣಿಗಳನ್ನು, ಅವನಂಥ ನಾಲ್ಕು ಜನ, ಅವನನ್ನು ಕಂಡರಾಗದ ಆ ಇನ್ನೊಬ್ಬ ಸಂಶೋಧಕ — ಅವನಿಗೆಂದೇ ಬರೆದದ್ದು ಅದು, ನಾನು ಮೊದಲು ಕಂಡುಹಿಡಿದೆ ಎಂದು ನಾಳೆ ಬೊಬ್ಬೆ ಹೊಡೆಯದಿರಲಿ ಎಂದು ತಾರೀಖು ಹಾಕಿದ್ದು, ಟಿಪ್ಪಣಿ ನಲವತ್ತೊಂದು, ಗಡಿಯಾಚೆಯಿಂದ ಪತ್ರ ತಲುಪಿದ ದಿನ ಜೂನ್ ಹದಿನಾಲ್ಕು, ಹನ್ನೊಂದು ವರ್ಷ ಹಿಂದಿನ ಜೂನ್. ಅವಳ ಬೆರಳು ಇನ್ನೂ ಒಂಬತ್ತನೆಯ ಅಧ್ಯಾಯದಲ್ಲಿರಬಹುದು, ಎಂಟರಲ್ಲಿರಬಹುದು, ಹಾಳಾದ ಫ್ಯಾನು ಹಾಳೆ ಹಾರಿಸಬಾರದೇ.

ಹೋದ ತಿಂಗಳು ಫೋನಿನಲ್ಲಿ ಅವಳಿಗೆ ಹೇಳಿದ್ದ, ಅಕ್ಕ, ಸುದ್ದಿಯಿದೆ, ಈಗಷ್ಟೇ ಖಚಿತವಾಯ್ತು, ನಿಮ್ಮಣ್ಣನ ವಿಮಾನ ಸಿಕ್ಕಿದೆ, ಗಡಿಯಾಚೆ, ಗುಡ್ಡದ ಇಳಿಜಾರಲ್ಲಿ, ಅವರು ಅವತ್ತೇ ಹೋಗಿಬಿಟ್ಟಿದ್ರು. ಆ ಕಡೆಯಿಂದ ಅವಳು, ಅಮ್ಮ ಇರಬೇಕಿತ್ತು ಮೇಷ್ಟ್ರೇ, ಅಂದಳು, ಅಷ್ಟೇ. ಮೇಷ್ಟ್ರೇ ಎಂದು ಶುರುಮಾಡಿದ್ದು ಆ ತಾಯಿ, ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ಆದರೂ ಚೀಲದಲ್ಲಿ ಕಾಗದ ಹೊತ್ತು ಬರುವವನು ಮುದುಕಿಯ ಲೆಕ್ಕದಲ್ಲಿ ಮೇಷ್ಟ್ರು, ಬಾಗಿಲು ತೆಗೆದ ಕೂಡಲೇ, ಏನಪ್ಪಾ ಮೇಷ್ಟ್ರೇ, ಏನಾದ್ರೂ ಸಿಕ್ತಾ? ಹುಡುಕ್ತಾ ಇದ್ದೀನಮ್ಮ. ಹುಡುಕು ಹುಡುಕು, ನಿನ್ನ ಕೈಲೇ ಸಿಗೋದು. ಮಗನಿಗೆ ಇಪ್ಪತ್ನಾಲ್ಕು, ಒಂಟಿ ಆಸನದ ವಿಮಾನ, ಯುದ್ಧದ ಐದನೆಯ ದಿನ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಶತ್ರುವಿನ ಸೇತುವೆಗಳ ಚಿತ್ರ ತೆಗೆಯಲು ಹಾರಿದ, ಒಂಬತ್ತು ನಲವತ್ತೆರಡಕ್ಕೆ ರೇಡಿಯೋದಲ್ಲಿ, ಮೋಡ ಇದೆ, ಕೆಳಗಿಳೀತೀನಿ ಎಂದ, ಆಮೇಲೆ ಮನೆಗೆ ಬಂದದ್ದು ಕಾಣೆಯಾಗಿದ್ದಾರೆ ಎಂಬ ಒಂದು ತಂತಿ. ಚರಿತ್ರೆಕಾರನಿಗೆ ಮೊದಲು ಬೇಕಿದ್ದದ್ದು ಆ ತಂತಿಯ ಪ್ರತಿ ಮಾತ್ರ, ಹೋದರೆ ಸಿಕ್ಕಿದ್ದು ತಾಯಿ — ಎಂಥ ತಾಯಿ, ಎಂಥ ಮಾತು, ಟೇಪಿನ ಮೇಲೆ ಟೇಪು ತುಂಬಿತು. ಪತ್ರ ಬಂದಾಗ ಮೂರನೆಯ ಟೇಪು ಮುಗಿದಿತ್ತು. ಗಡಿಯಾಚೆಯ ಒಬ್ಬ ನಿವೃತ್ತ ಭೂಮಾಪಕ ಬರೆದದ್ದು, ಚೊಕ್ಕ ಅಕ್ಷರ, ಕೈಯಲ್ಲಿ ಬಿಡಿಸಿದ ನಕ್ಷೆ, ಎಂಜಿನಿಗೆ ಹೊಡೆದಿದ್ದ ಸಂಖ್ಯೆಯ ತಗಡಿನ ಫೋಟೋ, ಊರವರು ಪೈಲಟನನ್ನು ಹೂತು ಮೇಲೆ ಕಲ್ಲು ಪೇರಿಸಿದ ಜಾಗದ ಫೋಟೋ. ತಗಡಿನ ಸಂಖ್ಯೆಯನ್ನು ಸ್ಕ್ವಾಡ್ರನ್ ದಾಖಲೆಯ ಜೊತೆ ಹೋಲಿಸಲು ಅವನಿಗೆ ಹಿಡಿದದ್ದು ಇಪ್ಪತ್ತು ನಿಮಿಷ, ಕಾಫಿ ಆರುವುದರೊಳಗೆ ಮುಗಿದಿತ್ತು. ಹೇಳಿಬಿಡಿ, ಇವತ್ತೇ ಹೋಗಿ ಹೇಳಿಬಿಡಿ, ಅಂದಳು ಹೆಂಡತಿ. ಇನ್ನೊಂದು ಪುರಾವೆ ಬೇಕು, ಒಂದು ಸಂಖ್ಯೆ ನಂಬಿ ಯಾರನ್ನೂ ಸಾಯಿಸೋಕಾಗಲ್ಲ. ಮೊದಲ ವರ್ಷದ ಕಾರಣ ಅದು. ಎರಡನೆಯ ವರ್ಷ ಆ ಇನ್ನೊಬ್ಬ ಮೂಗು ತೂರಿಸುತ್ತಿದ್ದ, ಸುದ್ದಿ ಹೊರಬಿದ್ದರೆ ಅವನ ಪಾಲು. ಆಮೇಲೆ ಆರೋಗ್ಯ, ಆಮೇಲೆ ಪ್ರಕಾಶಕ, ಆಮೇಲೆ ಕಾರಣ ಕೇಳುವವರೇ ಇರಲಿಲ್ಲ, ಹೆಂಡತಿ ಅವನ ಹಸ್ತಪ್ರತಿ ಓದುವುದನ್ನು ಬಿಟ್ಟಿದ್ದಳು, ಒಗೆದ ಅಂಗಿಯನ್ನು ಮೇಜಿನ ಮೇಲಿಟ್ಟು ಹೋಗುವಾಗ ಕಾಗದಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ — ಇಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ, ಹೇಳಿಕೊಳ್ಳಲಿ — ಗೊತ್ತಾದ ಮೇಲೆ ಮುದುಕಿ ಕಾಯುವುದಿಲ್ಲ, ಕಾಯದ ಮುದುಕಿ ಅವನಿಗೆ ಯಾತಕ್ಕೆ, ಅಧ್ಯಾಯ ಇನ್ನೂ ತುಂಬಿರಲಿಲ್ಲ.

ಈಗ ವಿಮರ್ಶಕ ಆ ಅಧ್ಯಾಯದ ಮುದುಕಿಯ ಮಾತನ್ನೇ ಓದುತ್ತಿದ್ದಾನೆ, ದನಿ ತಗ್ಗಿಸಿ, ಕಾಣೆಯಾಗೋದು ಅಂದ್ರೆ ಸಾಯೋದಲ್ಲ ಮೇಷ್ಟ್ರೇ, ಕನ್ನಡಕ ಕಾಣೆಯಾಗುತ್ತೆ, ಬೀಗದಕೈ ಕಾಣೆಯಾಗುತ್ತೆ, ಹುಡುಕಿದ್ರೆ ಸಿಗುತ್ತೆ — ಸಭೆಯಲ್ಲಿ ಯಾರೋ ಮೂಗು ಸೊರ್ರೆನಿಸಿದರು, ಮೊದಲ ಸಾಲಿನ ನಿವೃತ್ತ ಅಧಿಕಾರಿ ಕರವಸ್ತ್ರ ತೆಗೆದ. ನಾಲ್ಕನೆಯ ಟೇಪು ಅದು, ಪತ್ರ ಬಂದು ಎರಡು ವರ್ಷದ ಮೇಲಿನದು, ಮುದುಕಿ ಆ ಮಾತು ಹೇಳಿದಾಗ ಅವನ ಎದೆ ಝುಮ್ಮೆಂದಿತ್ತು, ಸಂತೋಷಕ್ಕೆ, ಟೇಪಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿದ್ದ, ಉರಿಯುತ್ತಿತ್ತು, ಆದರೂ, ಇನ್ನೊಂದ್ಸಲ ಹೇಳಿ ಅಮ್ಮ, ಸರಿಯಾಗಿ ಕೇಳಿಸಲಿಲ್ಲ, ಅಂದಿದ್ದ. ಮುದುಕಿ ಇನ್ನೊಮ್ಮೆ ಹೇಳಿದಳು, ಈ ಸಲ ಇನ್ನೂ ಚೆನ್ನಾಗಿ. ಮುದುಕಿಯ ಮಣ್ಣಿಗೂ ಹೋಗಿದ್ದ, ನಾಲ್ಕು ವರ್ಷವಾಯಿತು, ಬಿಳಿ ಹೂವು ಹಿಡಿದು, ನೀವು ನಮಗೆ ಮನೆಯವರ ಥರಾನೇ ಎಂದು ಈ ತಂಗಿ ಅವನ ಕೈ ಹಿಡಿದು ಅತ್ತಿದ್ದಳು, ಅವನೂ ಅತ್ತಿದ್ದ, ಸುಳ್ಳು ಅಳುವಲ್ಲ, ಕಣ್ಣೀರಿಗೆ ತಾರೀಖು ಗೊತ್ತಿರುವುದಿಲ್ಲ. ಬೆರಳು ನಿಂತಿದೆ. ನೋಡು, ನಿಂತಿತು. ಒಂದು ಸಾಲಿನ ಕೆಳಗೆ ನಿಂತ ಬೆರಳು ಅಲ್ಲಿಂದ ಕದಲುತ್ತಿಲ್ಲ, ಅವಳು ತಲೆ ಎತ್ತಲಿಲ್ಲ, ತುಟಿ ಅಲ್ಲಾಡುತ್ತಿದೆ, ಲೆಕ್ಕ ಹಾಕುತ್ತಿದ್ದಾಳೆ, ಹನ್ನೊಂದರಲ್ಲಿ ನಾಲ್ಕು ಕಳೆದರೆ ಏಳು, ಅದಕ್ಕೆ ಬೆರಳು ಮಡಚುವ ಅಗತ್ಯವೂ ಇಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ.

ಸಹಿಗೆ ಸಾಲು ನಿಂತಿದೆ, ಅವನು ಮೇಜಿನ ಹಿಂದೆ, ಮುಂದೆ ಪುಸ್ತಕಗಳು, ಪಕ್ಕದಲ್ಲಿ ನೀರಿನ ಲೋಟ, ಅವಳು ಸಾಲು ಮುರಿಯದೆ ಎಂಟನೆಯವಳಾಗಿ, ಏಳನೆಯವಳಾಗಿ, ಹೊರಟುಹೋಗಬಹುದಿತ್ತು, ಹೋಗಲಿಲ್ಲ, ಈಗ ಎದುರಿಗೆ. ಪುಸ್ತಕ ಬಿಚ್ಚಿ ಅವನ ಕಡೆ ತಿರುಗಿಸುತ್ತಾಳೆ, ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಗುರುತು, ಕರಡಿನಲ್ಲಿ ಸಂಶಯ ಬಂದ ಕಡೆ ಹಾಕುವಂಥದ್ದು. ಇದು ಅಚ್ಚಿನ ತಪ್ಪಾ ಮೇಷ್ಟ್ರೇ, ಅಂದಳು, ವರ್ಷ ತಪ್ಪು ಬಿದ್ದಿದೆಯಾ, ಹೋದ ವರ್ಷ ಅಂತ ಇರಬೇಕಿತ್ತಾ? ಹೌದು ಎಂದರೆ ಮುಗಿಯಿತು, ಬಾಗಿಲು ತೆರೆದು ಹಿಡಿದಿದ್ದಾಳೆ, ಹೌದಕ್ಕ, ಆ ಅಚ್ಚಿನವರು ಎಂದು ನಕ್ಕರೆ ಸಾಕು, ಅವಳಿಗೂ ಅದೇ ಬೇಕಿದೆ, ಮುಖದಲ್ಲಿ ಕಾಣುತ್ತಿದೆ — ಆದರೆ ಹಿಂದೆ ನಿಂತವರಲ್ಲಿ ಆ ಇನ್ನೊಬ್ಬ ಸಂಶೋಧಕನಿದ್ದಾನೆ, ಪುಸ್ತಕ ಕಂಕುಳಲ್ಲಿಟ್ಟು ಕಿವಿ ಇತ್ತಲೇ ಕೊಟ್ಟಿದ್ದಾನೆ. ಇಲ್ಲ, ಅಂದ ಅವನು, ತಾರೀಖು ಸರಿಯಾಗಿದೆ. ಒಂದು ತಾರೀಖೂ ತಪ್ಪದವನು. ಅವಳು ತಲೆಯಾಡಿಸಿದಳು, ಚೀಲದಿಂದ ರಬ್ಬರು ತೆಗೆದು ತನ್ನ ಪೆನ್ಸಿಲಿನ ಗುರುತನ್ನು ಉಜ್ಜಿ ಅಳಿಸಿದಳು, ಪುಡಿ ಊದಿದಳು. ಸರಿ, ಸಹಿ ಹಾಕಿ. ಅವನು ಹಾಕಿದ, ಕೆಳಗೆ ತಾರೀಖನ್ನೂ ಬರೆದ. ಆಗ ಅವಳು, ಪುಸ್ತಕ ಚೀಲಕ್ಕೆ ಸೇರಿಸುತ್ತಾ, ಹಾಲಿನವನ ಬಗ್ಗೆ ಹೇಳುವ ಹಾಗೆ ಹೇಳಿದಳು, ಅಣ್ಣ ಹೋಗೋವಾಗ ಅಮ್ಮನಿಗೆ ಎಲ್ಲ ಹಲ್ಲೂ ಇದ್ವು ಮೇಷ್ಟ್ರೇ. ಕಟ್ಟಿಸಿದ ಹಲ್ಲಿನ ಸೆಟ್ಟು ಆಮೇಲಿಂದು. ಕೊನೇ ಎರಡು ವರ್ಷ ಅದು ಕೂರ್ತಾನೇ ಇರಲಿಲ್ಲ, ವಸಡು ಸವೆದು ಹೋಗಿತ್ತು, ಹಾಕಿದ್ರೆ ಹುಣ್ಣಾಗಿ ರಕ್ತ ಬರ್ತಿತ್ತು. ತೆಗೆದಿಡಮ್ಮ ಅಂದ್ರೆ ಕೇಳೋಳಲ್ಲ. ಬೊಚ್ಚುಬಾಯಲ್ಲಿ ನೋಡಿದ್ರೆ ಅವನಿಗೆ ಗುರುತು ಸಿಗಲ್ಲ ಕಣೇ, ಬಾಗಿಲಿಂದ್ಲೇ ತಿರುಗಿ ಹೋಗ್ತಾನೆ, ಹಾಕು ಅನ್ನೋಳು. ರಾತ್ರಿ ಲೋಟದ ನೀರಲ್ಲಿಟ್ಟಿದ್ದನ್ನ ನಾನೇ ಒತ್ತಿ ಹಾಕ್ತಿದ್ದೆ. ದಿನಾ ಬೆಳಿಗ್ಗೆ. ಬರ್ತೀನಿ.

ಮುಂದಿನವರು ಪುಸ್ತಕ ಇಟ್ಟರು, ಯಾರ ಹೆಸರಿಗೆ ಎಂದು ಕೇಳಿದ, ಹೇಳಿದರು, ಕೇಳಿಸಲಿಲ್ಲ, ಎಂಜಿನ್ ಸಂಖ್ಯೆ ನೆನೆಸಿಕೊಂಡರೆ ಎಲ್ಲ ಸರಿಹೋಗುತ್ತದೆ, ಆರು ಅಂಕಿ, ಮೊದಲನೆಯದು ನಾಲ್ಕು, ನಾಲ್ಕು, ಒಂಬತ್ತು ಹತ್ತಕ್ಕೆ ಹಾರಿದ, ಒಂಬತ್ತು ನಲವತ್ತೆರಡಕ್ಕೆ — ಮಣ್ಣಿಗೆ ಹೋದಾಗ ನೋಡಿದ್ದ, ತುಂಬಿದ ಬಾಯಿ, ಸಾಲಾದ ಬಿಳಿ ಹಲ್ಲು, ವಯಸ್ಸಿಗೆ ಎಷ್ಟು ಚೆನ್ನಾಗಿದೆ ಎಂದುಕೊಂಡಿದ್ದ, ಆ ವಾಕ್ಯವನ್ನೂ ಬರೆದುಕೊಂಡಿದ್ದ — ಸರ್, ಹೆಸರು, ಎನ್ನುತ್ತಿದ್ದಾರೆ, ಏಳು ವರ್ಷಕ್ಕೆ ಎಷ್ಟು ಬೆಳಿಗ್ಗೆ, ಕೊನೆಯ ಎರಡು ವರ್ಷಕ್ಕೆ ಎಷ್ಟು, ಏಳುನೂರ ಮೂವತ್ತು, ನೀರಿಗೆ ಕೈ ಚಾಚಿದ, ಲೋಟ ತುಟಿಯವರೆಗೆ ಬಂತು, ಅಲ್ಲೇ ನಿಂತಿತು, ನೀರಿನಲ್ಲಿ ಹಲ್ಲು, ಗುಲಾಬಿ ವಸಡಿನ ಅಂಚಿಗೆ ರಕ್ತದ ಒಂದು ಎಳೆ, ಹೆಸರು ಸರ್, ಹಲ್ಲು, ಲೋಟದ ತಳದಲ್ಲಿ, ತೊಳೆದ ಹಲ್ಲು, ಬೆಳಗಾಗುವುದನ್ನು ಕಾಯುತ್ತಾ.