ಬೆಳಗಿನ ಮೊದಲ ಬ್ರೇಕು

ಹೆಂಡತಿ ಕೌಸಲ್ಯಾ ಎರಡನೇ ಸಲ ಬಿಸಿಮಾಡಿ ಕೊಟ್ಟ ಕಾಫಿಯನ್ನೂ ಮುಕುಂದ ಆರಲು ಬಿಟ್ಟ. ಮನುಷ್ಯ ಅಡುಗೆಮನೆಯಲ್ಲಿ ಕೂತಿದ್ದ ಅಷ್ಟೇ, ಜೀವವೆಲ್ಲ ಸಮರ್‌ಸೆಟ್‌ನ ಆಫೀಸಿನಲ್ಲಿತ್ತು. ಅವನೂ ಗೆಳೆಯ ವಿಕ್ರಾಂತನೂ ಸೇರಿ ಕಟ್ಟಿದ ಪುಟ್ಟ ಕಂಪನಿಯ ಮೊದಲ ಎಲೆಕ್ಟ್ರಿಕ್ ಕಾರು ಮುಂದಿನ ವಾರ ಮಾರಾಟಕ್ಕೆ ಬರಬೇಕಿತ್ತು. ಬರಲಿ ಅಥವಾ ಬೇಡ ಎಂದು ಮುಕುಂದ ಇವತ್ತೇ ಹೇಳಬೇಕಿತ್ತು.

ತಕರಾರೆಲ್ಲ ಬ್ರೇಕಿನದು. ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು ತಾಗಿ ಕಾರು ರಾತ್ರಿ ಹೊರಗೆ ನಿಂತರೆ, ಬೆಳಿಗ್ಗೆ ಮೊದಲ ಸಲ ತುಳಿದಾಗ ಬ್ರೇಕು ತುಸು ತಡವಾಗಿ ಹಿಡಿಯುತ್ತಿತ್ತು. ಎರಡನೇ ಸಲಕ್ಕೆ ಸರಿ. ಆಫೀಸಿನವರಿಗೆಲ್ಲ ಹೊರಡುವಾಗಲೇ ಒಮ್ಮೆ ಮೆಲ್ಲಗೆ ತುಳಿದುಬಿಡುವ ಅಭ್ಯಾಸವಾಗಿ ಹೋಗಿತ್ತು. ಹಾಗಾಗಿ ಪರೀಕ್ಷೆಗಳಲ್ಲಿ ಕಾರು ಹೇಳಿದಲ್ಲಿ ನಿಲ್ಲುತ್ತಿತ್ತು. ಹೊಸದಾಗಿ ಸೇರಿದ ಇಮ್ರಾನ್‌ಗೆ ಈ ಅಭ್ಯಾಸ ಎಲ್ಲಿಂದ ಬರಬೇಕು? ಅವನು ಓಡಿಸಿದ ದಿನ ಕಾರು ಸ್ಟಾಪ್ ಸೈನ್ ದಾಟಿ ನಿಂತಿತು. ಸದ್ಯ, ಎದುರಿಗೆ ಯಾರೂ ಇರಲಿಲ್ಲ.

"ಬೇರೆ ಬ್ರೇಕ್ ಹಾಕೋಣ ಸರ್. ಏಪ್ರಿಲ್ ತನಕ ಕಾಯೋಣ," ಎಂದಿದ್ದ ಇಮ್ರಾನ್.

"ರೂಲ್ಸ್ ಪ್ರಕಾರ ಪಾಸ್ ಆಗಿದೆಯಲ್ಲಪ್ಪಾ! ಈಗ ಲಾಂಚ್ ಮುಂದಕ್ಕೆ ಹಾಕಿದ್ರೆ ನಮ್ಮನ್ನ ಯಾರು ನಂಬ್ತಾರೆ? ಕಂಪನಿ ಮುಚ್ಚಿದ್ರೆ ಕೆಲಸದವರ ಗತಿ ಏನು?" ಎಂದಿದ್ದ ವಿಕ್ರಾಂತ್. ಅವನ ಮಾತೂ ಸುಳ್ಳಲ್ಲ.

ಕೆಲಸಕ್ಕೆಂದು ಮೆಟುಚೆನ್ ರೈಲು ಸ್ಟೇಷನ್‌ಗೆ ಹೊರಟಿದ್ದ ಕೌಸಲ್ಯಾ ಕೋಟು ತೊಡುತ್ತಾ ಕೇಳಿದಳು: "ಮೊದಲು ಬುಕ್ ಮಾಡಿದ್ದು ನಾನು. ಮೊದಲ್ನೇ ಕಾರು ನಂಗೇ ತಾನೇ?"

"ನಿಂಗಲ್ದೆ ಇನ್ಯಾರಿಗೆ? ಆದ್ರೆ ನೋಡು, ಬೆಳಿಗ್ಗೆ ಮನೆ ಮುಂದೆ ಡ್ರೈವ್‌ವೇನಲ್ಲೇ ಒಂದ್ಸಲ ಬ್ರೇಕ್ ತುಳಿದು ಆಮೇಲೆ ರೋಡಿಗಿಳಿ. ಮರೀಬೇಡ, ಆಯ್ತಾ?"

"ಯಾಕ್ರೀ?"

ಮುಕುಂದ ವಿವರಿಸಿದ. ಅವಳು ಗುಂಡಿ ಹಾಕಿಕೊಳ್ಳುತ್ತಲೇ ಕೇಳಿದಳು: "ಹೌದಾ? ಬುಕ್ ಮಾಡಿರೋ ಬೇರೆಯವರಿಗೂ ಹೇಳಿದೀರಾ?"

ಆ ದನಿಯಲ್ಲಿ ಕೊಂಕಿರಲಿಲ್ಲ, ಅವಳು ಸುಮ್ಮನೆ ಕೇಳಿದ್ದಳು. ಹೆಂಡತಿ ಎಂದಾಗ ತಾನಾಗಿ ಬಾಯಿಗೆ ಬಂದ ಎಚ್ಚರಿಕೆ, ಉಳಿದವರ ವಿಷಯದಲ್ಲಿ ಮುಕುಂದನಿಗೆ ನೆನಪಿಗೂ ಬಂದಿರಲಿಲ್ಲ. ಅವರಿಗೂ ಮನೆಯಲ್ಲಿ ಕಾಯುವವರು ಇರುವುದಿಲ್ಲವೇ? ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಅಲ್ಲಿಂದಲೇ ವಿಕ್ರಾಂತನಿಗೆ ಫೋನ್ ಮಾಡಿದ. "ಲಾಂಚ್ ಬೇಡ ಕಣೋ. ಬ್ರೇಕ್ ಬದಲಾಯಿಸೋಣ."

"ತಲೆ ಕೆಟ್ಟಿದೆಯೇನೋ ನಿಂಗೆ? ಬುಕ್ ಮಾಡಿದವರಿಗೆ ಏನಂತ ಹೇಳ್ತೀಯ?"

"ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡ್ತೀನಿ."

ಆ ಕಡೆ ವಿಕ್ರಾಂತ್ ನಿಟ್ಟುಸಿರು ಬಿಟ್ಟ. "ಒಬ್ಬನೇ ಎಷ್ಟು ಜನರ ಹತ್ರ ಬೈಸ್ಕೋತೀಯ? ಅರ್ಧ ಜನಕ್ಕೆ ನಾನು ಮಾಡ್ತೀನಿ ಬಿಡು."

ಬಾಗಿಲು ದಾಟಿದ್ದ ಕೌಸಲ್ಯಾಳ ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ತಿರುಗಿ ನೋಡಿದರೆ, ಅಡುಗೆಮನೆಯಲ್ಲಿ ಗಂಡ ಫೋನನ್ನು ಕಿವಿಗಿಟ್ಟುಕೊಂಡು ನಿಂತಿದ್ದ.

"ಮೇಡಂ, ನಿಮ್ಮ ಕಾರು ತಡವಾಗುತ್ತೆ. ಬ್ರೇಕ್ ಇನ್ನೂ ಸರಿಯಾಗಿಲ್ಲ. ಕ್ಷಮಿಸಿ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಪರವಾಗಿಲ್ಲ ರೀ," ಎಂದಳು ಫೋನಿನಲ್ಲೇ, "ಕಾಯ್ತೀನಿ."